ಅಕ್ಕನಿಗೆ ಕೊಟ್ಟ ಕುರ್ಚಿ

ಫೆಬ್ರವರಿ 4, ಮಂಗಳವಾರ

ಸೇನಾಪತಿಯ ಮನೆಗೆ ಹೋಗಿಬಂದೆವು. ನಿವೃತ್ತನಾಗಿ ಎರಡು ವರ್ಷವಾದರೂ ಮೀಸೆ ಮಾತ್ರ ಇನ್ನೂ ಡ್ಯೂಟಿಯ ಮೇಲಿದೆ. ನಾಲ್ಕು ವರ್ಷದ ಹಿಂದೆ 412ನೇ ಗುಡ್ಡಕ್ಕೆ ಹುಡುಗರನ್ನು ಹತ್ತಿಸಿದವನು ಇವನೇ. ಆ ಹುಡುಗರಲ್ಲಿ ನನ್ನ ಅಕ್ಕನ ಮಗನೂ ಒಬ್ಬ. ಅದನ್ನು ಬಾಯಿಬಿಡಲಿಲ್ಲ. ಬಿಟ್ಟಿದ್ದರೆ ಗೇಟಿನಿಂದಲೇ ಸಾಗಹಾಕುತ್ತಿದ್ದ.

ನನ್ನ ಸಾಕ್ಷ್ಯಚಿತ್ರದಲ್ಲಿ ಎಲ್ಲರನ್ನೂ ಕೇಳುವುದು ಒಂದೇ ಪ್ರಶ್ನೆ: ಯಾಕೆ? ಮಂತ್ರಿಗೂ ಅದೇ, ಫಿರಂಗಿಯ ಶೆಲ್ ಮಾಡುವ ಕಾರ್ಖಾನೆಯ ಮ್ಯಾನೇಜರಿಗೂ ಅದೇ. ಮಂತ್ರಿ ಮುನ್ನೂರು ವರ್ಷದ ಇತಿಹಾಸ ಬಿಚ್ಚಿದ. ಮ್ಯಾನೇಜರು, "ನಾವು ಬರೀ ಕೊಳವೆ ಮಾಡ್ತೀವಿ ಮೇಡಂ, ಒಳಗೆ ತುಂಬೋರು ಬೇರೆ ಕಂಪನಿಯವರು" ಅಂದ. ಸೇನಾಪತಿ ಕನ್ನಡಕ ಒರೆಸಿಕೊಂಡು, ನನ್ನನ್ನು ಮಗಳನ್ನು ನೋಡಿದ ಹಾಗೆ ನೋಡಿ, "ಬೇರೆ ದಾರಿ ಇರ್ಲಿಲ್ಲಮ್ಮ" ಅಂದ.

"ಆ ಗುಡ್ಡವನ್ನ ಒಪ್ಪಂದದಲ್ಲಿ ವಾಪಸ್ ಕೊಟ್ರಲ್ಲ ಸರ್?"

"ಕೊಟ್ಟಿದ್ದು ಸರ್ಕಾರ. ತಗೊಂಡಿದ್ದು ನಾವು."

"ನಾನೂರು ಹುಡುಗರು ಸತ್ರು."

"ಮುನ್ನೂರ ಎಂಬತ್ತಾರು," ಎಂದು ತಿದ್ದಿದ. "ದೊಡ್ಡ ಕೆಲಸಕ್ಕೆ ಕೈ ಹಾಕಿದಾಗ ಕೆಲವರಿಗೆ ನೋವಾಗುತ್ತೆ. ಅದನ್ನ ಹೊತ್ಕೊಳ್ಳೋ ಎದೆ ಬೇಕಮ್ಮ."

ಮಾತು ಮುಗಿದ ಮೇಲೆ, ನನ್ನ ಚಿತ್ರಗಳಿಗೆ ಧ್ವನಿ ಹಿಡಿಯುವ ಕಿವಿಯಣ್ಣ ಎಂದಿನಂತೆ, "ಒಂದು ನಿಮಿಷ, ಯಾರೂ ಉಸಿರೆತ್ತಬೇಡಿ" ಅಂದ. ಇದು ನಮ್ಮ ಕಸುಬಿನ ರೂಢಿ. ಯಾವ ಕೋಣೆಯಲ್ಲಿ ಮಾತು ಹಿಡಿದರೂ ಕೊನೆಗೆ ಆ ಕೋಣೆಯ ಮೌನವನ್ನು ಒಂದು ನಿಮಿಷ ಹಿಡಿದುಕೊಳ್ಳಬೇಕು. ಒಂದೊಂದು ಕೋಣೆಯ ಮೌನ ಒಂದೊಂದು ಥರ. ಮಾತು ಕತ್ತರಿಸಿದ ಕಡೆ ಅದೇ ಮೌನದ ತೇಪೆ ಹಾಕದಿದ್ದರೆ ಕೇಳುವವರು ಗುಂಡಿಗೆ ಕಾಲಿಟ್ಟ ಹಾಗೆ ಬೆಚ್ಚುತ್ತಾರೆ. ಮೂವತ್ತು ವರ್ಷದಿಂದ ಈ ಧ್ವನಿಯ ಕೆಲಸ ಮಾಡಿ ಅವನ ಸ್ವಂತ ಹೆಸರು ಉದುರಿಹೋಗಿ ಕಿವಿ ಮಾತ್ರ ಉಳಿದಿದೆ.

ಸೇನಾಪತಿಯ ಹಜಾರದಲ್ಲಿ ಮೀನಿನ ತೊಟ್ಟಿಯ ಮೋಟಾರು ಗುಳುಗುಳು ಅನ್ನುತ್ತಿತ್ತು. "ಅದನ್ನ ಒಂಚೂರು ಆಫ್ ಮಾಡ್ಬಹುದಾ ಸರ್?" ಎಂದು ಕಿವಿಯಣ್ಣ ಕೇಳಿದ. ಸೇನಾಪತಿ ಗಾಬರಿಯಾಗಿ ಎದ್ದೇ ನಿಂತ.

"ಬೇಡ ಬೇಡ! ಗಾಳಿ ನಿಂತ್ರೆ ಮೀನು ಸತ್ತೋಗ್ತಾವೆ!"

ವ್ಯಾನಿನಲ್ಲಿ ಬರುವಾಗ ಇಬ್ಬರಿಗೂ ನಗು ತಡೆಯಲಾಗಲಿಲ್ಲ. ಆಮೇಲೆ ಇಬ್ಬರೂ ಒಟ್ಟಿಗೇ ನಗು ನಿಲ್ಲಿಸಿದೆವು.

ಥೂ. ಬೇರೆ ದಾರಿ ಇರಲಿಲ್ಲವಂತೆ. ಹತ್ತು ತಿಂಗಳಿಂದ ಇದನ್ನೇ ಕೇಳುತ್ತಿದ್ದೇನೆ. ಕೊಂದವರೆಲ್ಲ ಒಂದೇ ಶಾಲೆಯಲ್ಲಿ ಓದಿದವರಂತೆ ಇದೊಂದೇ ಪಾಠ ಒಪ್ಪಿಸುತ್ತಾರೆ. ದಾರಿ ಇತ್ತು ಕಣ್ರೋ. ಆ ದಾರಿಯಲ್ಲಿ ನಿಮಗೆ ಪದಕ ಇರಲಿಲ್ಲ, ಅಷ್ಟೆ. ಎರಡು ಕೋಣ ಕಾದಿದರೆ ಗಿಡಕ್ಕೆ ಸಾವು ಅನ್ನುತ್ತದೆ ಗಾದೆ. ಕೋಣಗಳೇ ವಾಸಿ, ತಮ್ಮ ಕೊಂಬನ್ನಾದರೂ ತಾವು ಮುರಿದುಕೊಳ್ಳುತ್ತವೆ. ಇವರು ಗಿಡಗಳನ್ನೇ ಕಿತ್ತು ಗಿಡಗಳಿಗೆ ಹೊಡೆಯುತ್ತಾರೆ.


ಫೆಬ್ರವರಿ 11, ಮಂಗಳವಾರ

ಅಕ್ಕ ಕ್ಯಾಮೆರಾದ ಮುಂದೆ ಕೂರಲು ಒಪ್ಪಿದಳು. ಒಪ್ಪಿಸಿದ್ದು ಅವಳ ಮಗಳು.

"ಕೂತ್ಕೊಳ್ಳಮ್ಮ. ಚಿಕ್ಕಮ್ಮ ಏನು ಹೊರಗಿನವರಾ? ಅಣ್ಣನ ವಿಷಯ ನಾಲ್ಕು ಜನಕ್ಕೆ ಗೊತ್ತಾಗ್ಲಿ."

"ನಾಲ್ಕು ಜನಕ್ಕೆ ಗೊತ್ತಾಗಿ ಅವನೇನು ಎದ್ದು ಬರ್ತಾನಾ?" ಎಂದಳು ಅಕ್ಕ. ಆದರೂ ತಲೆಯಾಡಿಸಿದಳು.

ಈ ಹುಡುಗಿಯನ್ನು ನೋಡಿದರೆ ನನಗೆ ಬಲ ಬರುತ್ತದೆ. ಹಗಲೆಲ್ಲ ಔಷಧಿ ಅಂಗಡಿಯ ಕೌಂಟರಿನಲ್ಲಿ ನಿಂತು, ಮನೆಗೆ ಬಂದವಳೇ ಫೈಲು ಬಿಚ್ಚುತ್ತಾಳೆ. ಸೇನೆಗೆ ಸೇರುವಾಗ ಅವಳಣ್ಣನಿಗೆ ಹದಿನೇಳು ವರ್ಷ. ಹದಿನೆಂಟು ತುಂಬದವರನ್ನು ಸೇರಿಸಿಕೊಳ್ಳಲು ಹೆತ್ತವರ ಸಹಿ ಬೇಕು. ಅಪ್ಪ ಸತ್ತಿದ್ದ. ಅಮ್ಮ ಸಹಿ ಹಾಕಿಲ್ಲ. ಹಾಗಾದರೆ ಫಾರಂನಲ್ಲಿರುವ ಸಹಿ ಯಾರದು? ಭರ್ತಿ ಕಚೇರಿಯ ಗುಮಾಸ್ತನದೇ ಇರಬೇಕು. ಆ ಫಾರಂ ತೋರಿಸಿ ಎಂದು ನಾಲ್ಕು ವರ್ಷದಿಂದ ಅರ್ಜಿಯ ಮೇಲೆ ಅರ್ಜಿ. ಈಗ ಅವಳ ಬೆನ್ನಿಗೆ ಇನ್ನೂ ಆರು ಮನೆಯವರು ಬಂದು ನಿಂತಿದ್ದಾರೆ. ಅವರ ಮಕ್ಕಳೂ ಹದಿನೇಳರವರೇ, ಆ ಸಹಿಗಳೂ ಹಾಗೇ. ಕಚೇರಿ ಉತ್ತರ ಕೊಡುವುದಿಲ್ಲ. ಇವಳು ಬಿಡುವುದಿಲ್ಲ.

"ನನ್ನ ರಕ್ತ ಕಣೇ ನೀನು" ಅಂದೆ.

"ರಕ್ತ ನಿಮ್ಮದು, ಅಕ್ಷರ ನಂದು. ನಿಮ್ಮ ಕೈಬರಹ ಯಾರು ಓದ್ತಾರೆ ಚಿಕ್ಕಮ್ಮ?" ಎಂದು ನಕ್ಕಳು.

ಅಕ್ಕ ಪಾತ್ರೆ ತೊಳೆಯುತ್ತಿದ್ದಳು. ತಿರುಗಲಿಲ್ಲ.


ಫೆಬ್ರವರಿ 13, ಗುರುವಾರ

ನಡೆದದ್ದನ್ನು ನಡೆದ ಹಾಗೇ ಬರೆಯುತ್ತೇನೆ.

ಮಗಳು ಕೆಲಸಕ್ಕೆ ಹೋದ ಮೇಲೆ ಶುರುಮಾಡಿದೆವು. ಅಕ್ಕನ ಮನೆ ಎರಡೇ ಕೋಣೆ. ಕಿಟಕಿಯ ಪಕ್ಕ ಕುರ್ಚಿ ಹಾಕಿ ಅವಳನ್ನು ಕೂರಿಸಿದೆ. ಒಪ್ಪಿಗೆ ಪತ್ರಕ್ಕೆ ಸಹಿ ಹಾಕಿಸಿಕೊಂಡೆ. ಚಿತ್ರದಲ್ಲಿ ಮಾತಾಡುವವರೆಲ್ಲರೂ ಹಾಕಬೇಕು. ಅಕ್ಕ ಓದಲಿಲ್ಲ. "ನಿಂದೇ ತಾನೆ?" ಎಂದು ಹಾಕಿಕೊಟ್ಟಳು.

ಕ್ಯಾಮೆರಾ ತಿರುಗಿದ ಕೂಡಲೇ ಅವಳ ಮುಖ ಬಾಗಿಲು ಎಳೆದ ಅಂಗಡಿಯಾಯಿತು. ಮಗ ಒಳ್ಳೆಯವನು. ಓದಿನಲ್ಲಿ ಅಷ್ಟಕ್ಕಷ್ಟೆ. ಹೋದ. ಬರಲಿಲ್ಲ. ನಾನು ಯಾಕೆ ಹೋದ ಅಂತ ನಾಲ್ಕು ಸಲ ಕೇಳಿದರೆ ನಾಲ್ಕು ಸಲವೂ "ಹೋದ." ಒಂದೇ ಒಂದು ಸಲ ಸ್ವಲ್ಪ ತೆರೆದುಕೊಂಡಳು: "ಅಲ್ಲಿ ಕೊಟ್ಟ ಬೂಟು ಅವನಿಗೆ ಇಷ್ಟ ಆಗಿತ್ತು. ಅವನ ಅಳತೆಯದೇ ಬೂಟು ಅವನು ಹಾಕ್ಕೊಂಡಿದ್ದು ಅದೇ ಮೊದಲು."

ನಾನು ಕ್ಯಾಮೆರಾ ಆಫ್ ಮಾಡಿದೆ. ಕಿವಿಯಣ್ಣ ಮೌನದ ನಿಮಿಷಕ್ಕೆಂದು ರೆಕಾರ್ಡರ್ ಒತ್ತಿದ. ಒತ್ತಿದ್ದೇ ತಡ, ಪಕ್ಕದ ಮನೆಯ ನೀರಿನ ಪಂಪು ಶುರುವಾಯಿತು. "ಇದೊಂದು ಶನಿ" ಎಂದು ಬೈದು, ರೆಕಾರ್ಡರನ್ನು ಮೇಜಿನ ಮೇಲೆ ಓಡಲು ಬಿಟ್ಟು, ಪಂಪು ನಿಲ್ಲಿಸಿ ಎಂದು ಕೇಳಲು ಹೊರಗೆ ಹೋದ. ಕೋಣೆಯಲ್ಲಿ ನಾನು, ಅಕ್ಕ ಇಬ್ಬರೇ.

ಅಕ್ಕ ಕೆಲಸ ಮುಗಿಯಿತು ಅಂದುಕೊಂಡಳು.

"ನೀನು ಎಲ್ಲರನ್ನೂ ಯಾಕೆ, ಯಾಕೆ ಅಂತೀಯ. ನಂಗೊಬ್ಬಳಿಗೆ ಗೊತ್ತು ಕಣೇ ಯಾಕೆ ಅಂತ. ಅವತ್ತು ಆ ಭರ್ತಿ ಕಚೇರಿ ಒಳಗೆ ಕಾಲಿಟ್ಟೆನಲ್ಲ, ಒಬ್ಬ ಆಫೀಸರು ಎದ್ದು ನಿಂತ. ನಾನು ಹಿಂದೆ ತಿರುಗಿ ನೋಡಿದೆ, ಯಾರೋ ದೊಡ್ಡೋರು ಬಂದ್ರೇನೋ ಅಂತ. ನಂಗೇ ಕಣೇ. ನಂಗೇ ಎದ್ದಿದ್ದು. ಕುರ್ಚಿ ಎಳೆದು ಕೊಟ್ಟು 'ಕೂತ್ಕೊಳ್ಳಿ ತಾಯಿ' ಅಂದ. ನಾನು ಎಷ್ಟು ಕಚೇರಿ ನೋಡಿಲ್ಲ ಹೇಳು. ಸ್ಕೂಲಲ್ಲಿ ನಿಂತಿದೀನಿ, ಆಸ್ಪತ್ರೆಲಿ ನಿಂತಿದೀನಿ. ಯಜಮಾನ್ರು ಸತ್ತ ಸರ್ಟಿಫಿಕೇಟಿಗೆ ಮೂರು ತಿಂಗಳು ನಿಂತೆ. ಒಬ್ಬನಾದ್ರೂ ಕೂತ್ಕೋ ಅಂದಿರ್ಲಿಲ್ಲ. ಇವ್ರು ಕುರ್ಚಿ ಕೊಟ್ರು ಕಣೇ."

ಅಷ್ಟರಲ್ಲಿ ಪಂಪು ನಿಂತಿತು. ಕೋಣೆ ಒಮ್ಮೆಲೇ ದೊಡ್ಡದಾದ ಹಾಗಾಯಿತು. ಅಕ್ಕನ ದನಿ ತಗ್ಗಿತು.

"ಸಹಿ ನಂದೇ. ನಾನೇ ಹಾಕಿದ್ದು. ಅವನು ಬಾಗಿಲ ಹತ್ರ ನಿಂತು ಹಿಂದೆಮುಂದೆ ನೋಡ್ತಿದ್ದ. ಹೋಗೋ ಅಂದೆ. ನಾನೇ ಹೋಗು ಅಂದೆ."

ಬಾಗಿಲ ಕಡೆ ನೋಡಿ ಎಂದಳು: "ಮಗಳಿಗೆ ಗೊತ್ತಿಲ್ಲ. ಗೊತ್ತಾದ್ರೆ ನನ್ನ ಮುಖ ನೋಡಲ್ಲ. ಇದು ನಿನ್ನ ಹೊಟ್ಟೇಲೇ ಇರ್ಲಿ."

ರೆಕಾರ್ಡರಿನ ಕೆಂಪು ದೀಪ ಉರಿಯುತ್ತಿತ್ತು. ನಾನು ನೋಡಿದೆ, ಅಕ್ಕ ನೋಡಲಿಲ್ಲ. ತಡೆಯಬೇಕಿತ್ತೇನೋ. ಆದರೆ ಮಾತಾಡುವವರ ಮಧ್ಯೆ ಬಾಯಿ ಹಾಕಬಾರದು ಅನ್ನುವುದು ಈ ಕಸುಬಿನ ಮೊದಲ ಪಾಠ. "ನನ್ನಾಣೆ ಅಕ್ಕ, ಯಾರಿಗೂ ಹೇಳಲ್ಲ" ಅಂದೆ. ಮನಸ್ಸಿನಿಂದಲೇ ಅಂದೆ.

ಕಿವಿಯಣ್ಣ ಬಂದು ಹೊಸದಾಗಿ ಒಂದು ನಿಮಿಷ ಹಿಡಿದ. ಈ ಸಲ ಅಕ್ಕ ಕಣ್ಣು ಮುಚ್ಚಿ ಕೂತಿದ್ದಳು.


ಫೆಬ್ರವರಿ 14, ಶುಕ್ರವಾರ

ಅಕ್ಕನ ಮೇಲೆ ಕೋಪ ಬರಲಿಲ್ಲ. ಆ ಕುರ್ಚಿಯ ಮೇಲೆ ಬಂತು. ಒಬ್ಬ ಬಡ ಹೆಂಗಸಿಗೆ ಜನ್ಮದಲ್ಲಿ ಒಂದು ಸಲ ಕೂತ್ಕೊಳ್ಳಿ ಅನ್ನಲು ಒಂದು ದೇಶಕ್ಕೆ ಯುದ್ಧವೇ ಬೇಕಾಯಿತಲ್ಲ! ಶಾಲೆ, ಆಸ್ಪತ್ರೆ, ಕಚೇರಿ ಎಲ್ಲ ಸೇರಿ ನಲವತ್ತೈದು ವರ್ಷ ನಿಲ್ಲಿಸಿದವು. ಬಂದೂಕಿನವರು ಕೂರಿಸಿದರು. ಹೊಟ್ಟೆಗೆ ಹಿಟ್ಟು ಕೊಡದವರು ಜುಟ್ಟಿಗೆ ಮಲ್ಲಿಗೆ ಮುಡಿಸಿ ತಲೆ ಕೊಯ್ದರು.

ಮಂತ್ರಿಯ ಮುನ್ನೂರು ವರ್ಷದ ಇತಿಹಾಸದಲ್ಲಿ ಈ ಕುರ್ಚಿ ಇರಲಿಲ್ಲ.


ಫೆಬ್ರವರಿ 27, ಗುರುವಾರ

ಒರಟಾಗಿ ಜೋಡಿಸಿದ ಚಿತ್ರವನ್ನು ಪ್ರದರ್ಶನ ಸಮಿತಿಯ ಯಜಮಾನಿಗೆ ತೋರಿಸಿದೆ. ಎಪ್ಪತ್ತು ನಿಮಿಷದಲ್ಲಿ ಹದಿನೇಳು ಸಲ ಫೋನ್ ನೋಡಿದಳು. ಎಣಿಸಿದೆ.

"ಚೆನ್ನಾಗಿದೆ. ಆದ್ರೆ ಇದೆಲ್ಲ ಗೊತ್ತಿರೋದೇ ಅಲ್ವಾ? ಸೇನಾಪತಿ ಸುಳ್ಳ, ಮಂತ್ರಿ ಕಳ್ಳ. ನೋವು ಎಲ್ಲಿ? ನಿಮ್ಮಕ್ಕ ಏನೂ ಹೇಳಲ್ವಲ್ಲ."

ಹೇಳಿದ್ದಾಳೆ ಅನ್ನುವ ಮಾತು ನಾಲಿಗೆಯ ತುದಿಯವರೆಗೂ ಬಂದಿತ್ತು.


ಮಾರ್ಚ್ 1, ಶನಿವಾರ

ಅಕ್ಕನ ಮನೆಯ ಆ ಧ್ವನಿಯ ಫೈಲು ತೆರೆದೆ. ಬರೀ ಕೇಳೋಣ ಎಂದು.


ಮಾರ್ಚ್ 3, ಸೋಮವಾರ

ಅಕ್ಕನ ಕೈಗಳ ದೃಶ್ಯ ಒಂದಿದೆ. ಮಗನ ಅಂಗಿ ಮಡಚುವುದು. ಅದರ ಮೇಲೆ ಆ ಮಾತು ಕೂರಿಸಿ ನೋಡಿದೆ. ಬರೀ ಪ್ರಯೋಗಕ್ಕೆ. ಇಡೀ ಚಿತ್ರ ಎದ್ದು ನಿಂತಿತು. ಇದುವರೆಗೆ ನನ್ನ ಕೈಯಲ್ಲಿದ್ದದ್ದು ಖಾಲಿ ಕೊಳವೆ. ಈಗ ಮದ್ದು ತುಂಬಿದೆ.


ಮಾರ್ಚ್ 10, ಸೋಮವಾರ

ಧ್ವನಿ ಸರಿಪಡಿಸಲು ಕಿವಿಯಣ್ಣ ಬಂದ. ಕೇಳುತ್ತ ಕೇಳುತ್ತ ಹೆಡ್‌ಫೋನ್ ಕಿತ್ತು ಮೇಜಿಗಿಟ್ಟ.

"ಇದೇನಮ್ಮ? ಈ ಫೈಲಿನ ಮುಂದೆ 'ಮಾತಿದೆ, ಬಳಸಬೇಡಿ' ಅಂತ ಪಟ್ಟಿಯಲ್ಲಿ ಬರೆದಿದ್ದೆ."

"ತೇಪೆಗೆ ಬಳಸಬೇಡಿ ಅಂತ ತಾನೆ ಅದರರ್ಥ?"

"ಜಾಣತನ ಬೇಡ. ಆ ನಿಮಿಷ ಗೋಡೆಗೆ ಸೇರಿದ್ದು, ಮನುಷ್ಯರದ್ದಲ್ಲ. ಮೂವತ್ತು ವರ್ಷದಲ್ಲಿ ಎಷ್ಟು ಜನ ಆ ನಿಮಿಷದಲ್ಲಿ ಅತ್ತಿದಾರೆ, ಬೈದಿದಾರೆ, ಹೂಸಿದಾರೆ. ಒಂದನ್ನಾದ್ರೂ ಹೊರಗೆ ಬಿಟ್ಟಿದೀನಾ?"

ನಗು ಬಂತು. ನಗಲಿಲ್ಲ.

"ಅದಿರ್ಲಿ, ಕುರ್ಚಿಯ ಮಾತು ಎಲ್ಲಿ ಹೋಯ್ತು?" ಅಂದ.

"ಅದರ ಕೆಳಗೆ ಪಂಪಿನ ಗಲಾಟೆ ಇದೆ. ಮೇಲಾಗಿ ನಲವತ್ತು ಸೆಕೆಂಡು. ನಡಿಗೆ ನಿಧಾನ ಆಗುತ್ತೆ."

"ಪಂಪು ನಾನು ಇಳಿಸಿಕೊಡ್ತೀನಿ. ಮೊದಲು ಹೋಗಿ ನಿಮ್ಮಕ್ಕನ್ನ ಕೇಳು. ಬೇಡ ಅಂದ್ರೆ ಬೇಡ. ಹೂಂ ಅಂದ್ರೆ ಪೂರ್ತಿ ಹಾಕು. ಕುರ್ಚಿ ತೆಗೆದ್ರೆ ಉಳಿಯೋದೇನು? ಒಬ್ಬ ತಾಯಿ ಮಗನ್ನ ಸಾಯಕ್ಕೆ ಅಟ್ಟಿದ್ಲು ಅಂತ."

"ಹೊಡೆದ್ರೆ ಒಂದೇ ಏಟು ಇರ್ಬೇಕು ಕಿವಿಯಣ್ಣ. ಕೂತವನು ಮೇಲೇಳಬಾರದು."

"ಯಾರಿಗೆ ಹೊಡೀತಿದೀಯ ನೀನು?"

ಪರದೆಯ ಕಡೆ ತಿರುಗಿ ಅದೇ ತುಣುಕು ಮತ್ತೆ ಓಡಿಸಿದೆ. ಅವನು ತನ್ನ ವೈರುಗಳನ್ನು ಒಂದೊಂದಾಗಿ ಸುತ್ತಿ ಚೀಲಕ್ಕೆ ಹಾಕಿಕೊಂಡು ಹೋದ. ಹೋಗಲಿ. ಹಿಂಜರಿಯುವವರನ್ನು ಕಟ್ಟಿಕೊಂಡು ಯಾವ ಹೋರಾಟವೂ ಗೆದ್ದಿಲ್ಲ. ಕೆಲಸ ಅಂದ ಮೇಲೆ ಒಬ್ಬರ ಮಾತು ನಡೆಯಬೇಕು.


ಮಾರ್ಚ್ 19, ಬುಧವಾರ

ಅಕ್ಕ ಎಡಿಟಿಂಗ್ ಕೋಣೆಗೆ ಬಂದಳು. ಇಷ್ಟು ವರ್ಷದಲ್ಲಿ ಒಮ್ಮೆಯೂ ಬಂದವಳಲ್ಲ. ಎರಡು ಬಸ್ಸು ಬದಲಾಯಿಸಿ, ಮೂರು ಮಹಡಿ ಹತ್ತಿ, ಏದುಸಿರು ಬಿಡುತ್ತ ನಿಂತಳು. ಈ ಕೋಣೆಯಲ್ಲಿರುವುದು ಒಂದೇ ಕುರ್ಚಿ. ಕೆಲಸದ ಮಧ್ಯೆ ನಾನು ಎದ್ದರೆ ಕೈ ತಪ್ಪುತ್ತದೆ. ಅವಳು ನಿಂತೇ ಮಾತಾಡಿದಳು.

"ಕಿವಿಯಣ್ಣ ಮನೆಗೆ ಬಂದು ಹೇಳಿದ. ನಂಬಲಿಲ್ಲ ನಾನು. ನನ್ನ ತಂಗಿ ಆಣೆ ಮಾಡಿದಾಳೆ ಅಂದೆ."

"ಅಕ್ಕ, ಸ್ವಲ್ಪ ಸಮಾಧಾನದಲ್ಲಿ ಕೇಳು..."

"ತೆಗೆದುಬಿಡು ಕಣೇ. ಅವಳಿಗೆ ನಾನೇ ಹೇಳ್ತೀನಿ. ಒಂದು ದಿನ ನೋಡಿ, ಹೊಟ್ಟೆ ತುಂಬಾ ಊಟ ಹಾಕಿ, ಪಕ್ಕದಲ್ಲಿ ಕೂರಿಸ್ಕೊಂಡು ಹೇಳ್ತೀನಿ."

"ನಾಲ್ಕು ವರ್ಷದಿಂದ ಆ ದಿನ ಬಂದಿಲ್ವಲ್ಲ."

ಅಕ್ಕ ಗೋಡೆಗೆ ಕೈ ಊರಿದಳು. ಆ ಮಾತು ತಾಕಿತು ಅಂತ ಗೊತ್ತಾಯಿತು. ಅಲ್ಲೇ ಒತ್ತಿ ಹಿಡಿದೆ. ಇದು ನಿನ್ನೊಬ್ಬಳ ವಿಷಯ ಅಲ್ಲ, ನಾಳೆ ಸಾಯಲಿರೋ ಮಕ್ಕಳ ವಿಷಯ ಅಂದೆ. ನಿನ್ನ ಮಾತು ಕೇಳಿ ನಾಲ್ಕು ತಾಯಂದಿರು ಪೆನ್ನು ಕೆಳಗಿಟ್ಟರೆ ಸಾಕಲ್ಲವಾ ಅಂದೆ. ದೊಡ್ಡ ಕೆಲಸ ಇದು, ಹೊತ್ಕೊಳ್ಳೋ ಎದೆ ಬೇಕು ಅಂದೆ.

"ಹೊರೋದು ನನ್ನೆದೆ. ನಿಂದಲ್ಲ," ಎಂದಳು.

"ಒಪ್ಪಿಗೆ ಪತ್ರಕ್ಕೆ ಸಹಿ ಹಾಕಿದೀಯ ಅಕ್ಕ. ಸಹಿ ನಿಂದೇ ಅಲ್ವಾ?"

ಅಕ್ಕ ಚೀಲ ಹೆಗಲಿಗೇರಿಸಿದಳು. "ಹೇಳೋದು ಶಾಸ್ತ್ರ, ಹಾಕೋದು ಗಾಳ," ಎಂದಳು. ಮೆಟ್ಟಿಲಿಳಿದು ಹೋದಳು.

ನೋಡೋಣ ಅಂತ ಕೂಗಿ ಹೇಳಿದ್ದೇನೆ. ಕೇಳಿಸಿತೋ ಇಲ್ಲವೋ.


ಏಪ್ರಿಲ್ 2, ಬುಧವಾರ

ಇಟ್ಟೆ.

ಕುರ್ಚಿ ಇಲ್ಲದೆ ಹನ್ನೊಂದು ಸೆಕೆಂಡು. ಕತ್ತಿಯ ಅಲಗಿನ ಹಾಗಿದೆ.


ಏಪ್ರಿಲ್ 17, ಗುರುವಾರ

ಚಿತ್ರ ಮುಗಿಯಿತು. ಹೆಸರು: ಒಂದಾದರೂ ಕಾರಣ. ಸಮಿತಿಯ ಯಜಮಾನಿ ಈ ಸಲ ಫೋನ್ ಮುಟ್ಟಲಿಲ್ಲ. ಕೊನೆಗೆ ಮೂಗು ಒರೆಸಿಕೊಂಡು, "ಇದು ಎಲ್ಲರನ್ನೂ ನೆಲಕ್ಕೆ ಕೆಡವುತ್ತೆ" ಅಂದಳು.

ಕೆಡವಲಿ. ಅದಕ್ಕೇ ಹೊರಟಿರುವುದು.


ಮೇ 9, ಶುಕ್ರವಾರ

ಆರುನೂರು ಸೀಟು, ಒಂದೂ ಖಾಲಿಯಿಲ್ಲ. ಬಾಗಿಲ ಪಕ್ಕ ನಿಂತು ಜನರ ಮುಖ ನೋಡುತ್ತಿದ್ದೆ. ಮೀನಿನ ತೊಟ್ಟಿಗೆ ಇಡೀ ಸಭೆ ನಕ್ಕಿತು. ಕೊಳವೆಯ ಮ್ಯಾನೇಜರಿಗೆ ಯಾರೋ ಹಿಂದಿನಿಂದ "ಥೂ ನಿನ್ನ" ಅಂದರು. ಆಮೇಲೆ ಅಕ್ಕನ ಕೈಗಳು ಬಂದವು. ಅಂಗಿ. ಸಹಿ ನಂದೇ. ನಾನೇ ಹೋಗು ಅಂದೆ. ಆರುನೂರು ಜನ ಉಸಿರು ಹಿಡಿದದ್ದು ನನಗೆ ಕೇಳಿಸಿತು. ಕಿವಿಯಣ್ಣ ಇದ್ದಿದ್ದರೆ ಆ ಮೌನವನ್ನು ಹಿಡಿದುಕೊಳ್ಳುತ್ತಿದ್ದ.

ದೀಪ ಹತ್ತಿದಾಗ ಎಲ್ಲರೂ ಎದ್ದು ನಿಂತಿದ್ದರು. ಇಪ್ಪತ್ತೈದು ವರ್ಷ ಬೀದಿಯಲ್ಲಿ ನಿಂತು ಕೂಗಿದವಳು ನಾನು. ಪೊಲೀಸರ ಬೂಟಿನೇಟು ತಿಂದಿದ್ದೇನೆ, ಕರಪತ್ರ ಹಂಚಿದ ಕೈಗೆ ಉಗುಳಿಸಿಕೊಂಡಿದ್ದೇನೆ. ನನಗಾಗಿ ಒಂದು ಸಭೆ ಎದ್ದು ನಿಂತದ್ದು ಇದೇ ಮೊದಲು. ಕಣ್ಣು ತುಂಬಿಬಂತು.

ಅಕ್ಕ ಬಂದಿರಲಿಲ್ಲ. ಅವಳ ಮಗಳು ಮೂರನೆಯ ಸಾಲಿನಲ್ಲಿದ್ದಳು, ಆರು ಮನೆಯವರೂ ಅವಳ ಜೊತೆಗಿದ್ದರು. ಆ ಸಾಲು ಮಾತ್ರ ಎದ್ದು ನಿಂತಿರಲಿಲ್ಲ. ಹೂಗುಚ್ಛ ತೆಗೆದುಕೊಂಡು ವೇದಿಕೆಯಿಂದ ಇಳಿಯುವಷ್ಟರಲ್ಲಿ ಸಾಲು ಖಾಲಿಯಾಗಿತ್ತು.

ನಾಳೆ ಅಕ್ಕನಿಗೆ ಫೋನ್ ಮಾಡಬೇಕು.


ಮೇ 14, ಬುಧವಾರ

ಅಕ್ಕ ಫೋನ್ ಎತ್ತುತ್ತಿಲ್ಲ. ನನಗೂ ಪುರುಸೊತ್ತಿಲ್ಲ, ದಿನಕ್ಕೆ ಮೂರು ಸಂದರ್ಶನ. ಎಲ್ಲರೂ ಆ ಹನ್ನೊಂದು ಸೆಕೆಂಡನ್ನೇ ಕೇಳುತ್ತಾರೆ. "ಹೇಗೆ ಸಿಕ್ತು ಮೇಡಂ ಆ ಕ್ಷಣ?" "ನಂಬಿಕೆಯಿಂದ" ಅಂತ ಹೇಳುತ್ತಿದ್ದೇನೆ.


ಮೇ 23, ಶುಕ್ರವಾರ

ಹಲ್ಕಟ್ಟುಗಳು!

ಸೇನಾಪತಿ ಟಿವಿಗೆ ಬಂದ. ಇಸ್ತ್ರಿ ಮಾಡಿದ ಕೋಟು, ಅದೇ ಮೀಸೆ, ಅದೇ ಮಗಳನ್ನು ನೋಡುವ ನೋಟ. "ಆ ಚಿತ್ರ ನಾನು ನೋಡಿದೆ. ಬಹಳ ಪ್ರಾಮಾಣಿಕವಾಗಿದೆ. ಸುಳ್ಳು ಸಹಿ ಹಾಕಿಸಿದ್ರು ಅಂತ ನಮ್ಮ ಮೇಲೆ ನಾಲ್ಕು ವರ್ಷದಿಂದ ಆರೋಪ ಮಾಡ್ತಿದಾರೆ. ಆ ತಾಯಿ ತನ್ನ ಬಾಯಿಂದಲೇ ಸತ್ಯ ಹೇಳಿದಾರೆ. ಮಕ್ಕಳನ್ನ ಯುದ್ಧಕ್ಕೆ ಕಳಿಸೋದು ಸೇನೆ ಅಲ್ಲ, ತಾಯಂದಿರು. ಅಂಥ ತಾಯಂದಿರಿಗೆ ನನ್ನ ಸಲ್ಯೂಟ್."

ಹೇಳಿ ಕೈ ಹಣೆಗೇರಿಸಿದ. ಆಮೇಲೆ ಅಕ್ಕನ ಕೈಗಳು. ನನ್ನ ಹನ್ನೊಂದು ಸೆಕೆಂಡು. ಸಂಜೆಯೊಳಗೆ ಅದು ಎಲ್ಲರ ಫೋನಿನಲ್ಲೂ ಓಡಾಡುತ್ತಿತ್ತು. ಚಹಾದ ಅಂಗಡಿಯಲ್ಲಿ ಒಬ್ಬ ನನ್ನೆದುರೇ, "ಹೆತ್ತವಳೇ ಅಟ್ಟಿದ ಮೇಲೆ ಸರ್ಕಾರನ ಯಾಕೆ ಬೈಬೇಕು?" ಅಂದ.

ಕಳ್ಳರು ಇವರು, ಕಳ್ಳರು. ಕೇಳದೆ, ಹೇಳದೆ, ಹಿಂದುಮುಂದಿನ ಮಾತು ಕಿತ್ತು ಬಿಸಾಡಿ, ತಮಗೆ ಬೇಕಾದಷ್ಟನ್ನೇ ಕತ್ತರಿಸಿಕೊಂಡು ಮನುಷ್ಯರ ಬಾಯಿಗೆ ತಮ್ಮ ಮಾತು ತುರುಕುತ್ತಾರೆ. ನಾಚಿಕೆ ಅನ್ನುವುದು ಇಲ್ಲವೇ? ಟಿವಿಯವರಿಗೆ ನಾಲ್ಕು ಪುಟದ ಪ್ರತಿಭಟನಾ ಪತ್ರ ಬರೆದೆ. ನನ್ನ ಅನುಮತಿಯಿಲ್ಲದೆ ಬಳಸಿದ್ದೀರಿ ಎಂದು.


ಜೂನ್ 2, ಸೋಮವಾರ

ಔಷಧಿ ಅಂಗಡಿಗೆ ಹೋದೆ. ಕೌಂಟರಿನ ಆಚೆ ಅವಳು.

"ಏನು ಬೇಕಿತ್ತು ಮೇಡಂ?"

"ಚಿಕ್ಕಮ್ಮ ಕಣೇ ನಾನು."

"ಚೀಟಿ ತಂದಿದೀರಾ?"

ಪಕ್ಕಕ್ಕೆ ಕರೆದೆ. ಬರಲಿಲ್ಲ. ಕೌಂಟರಿನ ಕೆಳಗಿನಿಂದ ಒಂದು ಕಾಗದ ತೆಗೆದು ನನ್ನ ಮುಂದಿಟ್ಟಳು. ಭರ್ತಿ ಕಚೇರಿಯ ಉತ್ತರ. ನಾಲ್ಕು ವರ್ಷದಲ್ಲಿ ಬಂದ ಮೊದಲ ಉತ್ತರ. ಮೃತನ ತಾಯಿಯೇ ಸಹಿ ಹಾಕಿರುವುದಾಗಿ ಒಪ್ಪಿಕೊಂಡಿರುವ ಕಾರಣ ಅರ್ಜಿಯನ್ನು, ಅದರ ಜೊತೆಗಿನ ಆರು ಅರ್ಜಿಗಳನ್ನೂ, ಮುಕ್ತಾಯಗೊಳಿಸಲಾಗಿದೆ. ಸಾಕ್ಷ್ಯ ಎಂಬಲ್ಲಿ ನನ್ನ ಚಿತ್ರದ ಹೆಸರು. ಎಷ್ಟನೆಯ ನಿಮಿಷ, ಎಷ್ಟನೆಯ ಸೆಕೆಂಡು ಎಂಬುದನ್ನೂ ಬರೆದಿದ್ದಾರೆ.

"ಉಳಿದ ಆರೂ ಸುಳ್ಳು ಸಹಿಗಳೇ ಚಿಕ್ಕಮ್ಮ. ಅದರಲ್ಲಿ ಇಬ್ಬರು ತಾಯಂದಿರಿಗೆ ಬರೆಯಕ್ಕೇ ಬರಲ್ಲ. ಈಗ ಯಾರು ಕೇಳ್ತಾರೆ?"

"ನಾನು ಇದರ ವಿರುದ್ಧ ಪತ್ರ..."

"ಅಮ್ಮ ನಂಗೆ ಮನೇಲಿ ಹೇಳಿದ್ರೆ ಏನಾಗ್ತಿತ್ತು ಹೇಳ್ಲಾ? ಕೂಗಾಡ್ತಿದ್ದೆ. ತಟ್ಟೆ ಎಸೀತಿದ್ದೆ. ಒಂದು ವಾರ ಮಾತು ಬಿಡ್ತಿದ್ದೆ. ಎಂಟನೇ ದಿನ ಹಸಿವಾಗ್ತಿದೆ ಬಡಿಸು ಅಂತಿದ್ದೆ. ನೀವು ಆರುನೂರು ಜನರ ಮಧ್ಯೆ ಕೂರಿಸಿ ಕೇಳಿಸಿದ್ರಿ. ಆ ಆರು ಮನೆಯವರು ನನ್ನ ಮುಖ ನೋಡಿದ್ರಲ್ಲ, ಅದನ್ನ ನಾನು ಅಮ್ಮನ ಮುಖ ನೋಡಿದಾಗೆಲ್ಲ ನೋಡ್ಬೇಕು. ಆಗಲ್ಲ ನನ್ನ ಕೈಲಿ."

ಮನೆ ಬಿಟ್ಟು ಅಂಗಡಿಯ ಗೆಳತಿಯ ಕೋಣೆಗೆ ಹೋಗಿ ಇಪ್ಪತ್ತು ದಿನವಾಯಿತಂತೆ.

ಕುರ್ಚಿಯ ವಿಷಯ ಹೇಳಬೇಕು ಅಂದುಕೊಂಡೆ. ಹಿಂದೆ ಗಿರಾಕಿ ಕೆಮ್ಮುತ್ತ ನಿಂತಿದ್ದ. ತಲೆನೋವಿನ ಮಾತ್ರೆ ತೆಗೆದುಕೊಂಡು ಬಂದೆ.


ಜೂನ್ 15, ಭಾನುವಾರ

ಕೊನೆಗೂ ಅಕ್ಕನ ಮನೆಗೆ ಹೋದೆ. ಬಾಗಿಲು ತಟ್ಟಿದ ಮೊದಲ ಸಲಕ್ಕೇ ತೆಗೆದಳು. ಮಗಳು ಅಂದುಕೊಂಡಿದ್ದಳೇನೋ. ನನ್ನನ್ನು ನೋಡಿ ಮುಖ ಗಂಟಿಕ್ಕಲಿಲ್ಲ, ಏನೂ ಮಾಡಲಿಲ್ಲ. ಒಳಗೆ ಹೋಗಿ ಕಿಟಕಿಯ ಪಕ್ಕದ ಕುರ್ಚಿ ಎಳೆದು ತಂದು, ಬಟ್ಟೆಯಿಂದ ಧೂಳು ಒರೆಸಿ ನನ್ನ ಮುಂದೆ ಇಟ್ಟಳು.

"ಕೂತ್ಕೊಳ್ಳಿ," ಎಂದಳು.

ನನ್ನ ಮೂಗು ಒರೆಸಿ, ಜಡೆ ಹಾಕಿ, ಶಾಲೆಗೆ ಎಳೆದುಕೊಂಡು ಹೋದವಳು ನನಗೆ ಕೂತ್ಕೊಳ್ಳಿ ಅಂದಳು. ಕೂತೆ. ಅವಳು ಗೋಡೆಗೊರಗಿ ನಿಂತಳು. ಒಲೆಯ ಮೇಲೆ ಸಣ್ಣ ಪಾತ್ರೆ ಇತ್ತು, ಒಬ್ಬರಿಗಾಗುವಷ್ಟು. ಗೂಟದಲ್ಲಿ ಮಗಳ ಚೀಲ ಇರಲಿಲ್ಲ.

ಚಿತ್ರಕ್ಕೆ ಬಹುಮಾನ ಬರುವ ಸುದ್ದಿ ಹೇಳಿದೆ. ಟಿವಿಯವರ ಮೇಲೆ ಬರೆದ ಪತ್ರದ ವಿಷಯ ಹೇಳಿದೆ. ಮಗಳು ಬರುತ್ತಾಳೆ, ಕಾಲ ಎಲ್ಲವನ್ನೂ ಮಾಯಿಸುತ್ತದೆ ಅಂದೆ. ಹೇಳುವುದೆಲ್ಲ ಮುಗಿದ ಮೇಲೆ ಅವಳು ಒಂದೇ ಮಾತು ಕೇಳಿದಳು.

"ಯಾಕೆ?"

"ಬೇರೆ ದಾರಿ ಇರ್ಲಿಲ್ಲ ಅಕ್ಕ," ಅಂದೆ.

ಅಕ್ಕ ಕಣ್ಣು ಮುಚ್ಚಿದಳು. ಪಕ್ಕದ ಮನೆಯ ಪಂಪು ಶುರುವಾಯಿತು. ಓಡಿತು. ನಿಂತಿತು. ಬೀದಿಯಲ್ಲಿ ಯಾರೋ ಸೈಕಲ್ ತಳ್ಳಿಕೊಂಡು ಹೋದರು. ಒಲೆಯ ಮೇಲಿನ ಪಾತ್ರೆ ಒಂದು ಸಲ ಟಕ್ ಎಂದಿತು. ಅವಳ ಉಸಿರು ಮಾತ್ರ ಕೇಳಿಸುತ್ತಿತ್ತು, ನಡುವೆ ಎಲ್ಲೋ ಸಿಕ್ಕಿಹಾಕಿಕೊಂಡು ಮತ್ತೆ ಬರುತ್ತಿತ್ತು. ಸರಿಯಾಗಿ ಒಂದು ನಿಮಿಷ ಇದ್ದೀತು.

"ಆಯ್ತಾ?" ಎಂದಳು ಕಣ್ಣು ತೆರೆದು. "ಹಿಡ್ಕೊಂಡ್ರಾ?"

ನಾನು ರೆಕಾರ್ಡರ್ ಒಯ್ದಿರಲಿಲ್ಲ. ಬಸ್ಸಿನಲ್ಲಿ ಬರುವಾಗ ದಾರಿಯುದ್ದಕ್ಕೂ ಅದೇ ಹಳಹಳಿ. ಆ ಮೌನ ಸಿಕ್ಕಿದ್ದರೆ ಚಿತ್ರದ ಕೊನೆಗೆ ಎಷ್ಟು ಚೆನ್ನಾಗಿ ಕೂರುತ್ತಿತ್ತು.